ಮೂರು ಊರಿನ ಚೀಟಿ, ಹೊಟ್ಟೆ ಮಾತ್ರ ಒಂದೇ: ಡಾಕ್ಟರ್ ಬರೆದ ಗುಳಿಗೆ ನುಂಗುವ ಮುಂಚೆ ಏನೇನು ಮಾಡಬೇಕು?

ಕಲಬುರಗಿ ಕಡೆಯವರಿಗೆ ದವಾಖಾನೆ ಅನ್ನೋದು ಒಂದೇ ಊರಲ್ಲಿ ಮುಗಿಯುವುದಿಲ್ಲ. ಶುಗರ್‌ಗೆ ಇಲ್ಲೇ ಜಿಮ್ಸ್ ಸರ್ಕಾರಿ ದವಾಖಾನೆ. ಎದೆನೋವಿಗೆ ಜಯದೇವ. ಮೊಣಕಾಲಿಗೆ ಸೊಲ್ಲಾಪುರ. ಅಲ್ಲೂ ಗುಣ ಕಾಣದಿದ್ದರೆ ಹೈದರಾಬಾದ್. ಹೋದಲ್ಲೆಲ್ಲ ಹೊಸ ಫೈಲು, ಹೊಸ ಚೀಟಿ. ಸೊಲ್ಲಾಪುರದ ಡಾಕ್ಟರ್ ಬರೆದದ್ದು ಇಲ್ಲಿನವರಿಗೆ ಗೊತ್ತಿಲ್ಲ, ಇಲ್ಲಿನವರು ಬರೆದದ್ದು ಅಲ್ಲಿಯವರಿಗೆ ಗೊತ್ತಿಲ್ಲ. ಎಲ್ಲ ಗುಳಿಗೆಗಳೂ ಮೊದಲ ಸಲ ಭೇಟಿಯಾಗುವುದು ಅಜ್ಜಿಯ ಹೊಟ್ಟೆಯಲ್ಲಿ! ಔಷಧದ ಅಪಾಯ ಅಂದಾಗ ನಕಲಿ ಮಾತ್ರೆಗಿಂತ ಮೊದಲು ನನಗೆ ನೆನಪಾಗುವುದು ಇದೇ. ಇದನ್ನು ತಪ್ಪಿಸಲು ನಮ್ಮ ಕೈಯಲ್ಲಿ ಏನಿದೆ, ಒಂದೊಂದಾಗಿ ನೋಡೋಣ.

ಮೊದಲು ಎಲ್ಲವನ್ನೂ ಒಂದೇ ಹಾಳೆಗೆ ಇಳಿಸಿ

ಕ್ಯಾರಿಬ್ಯಾಗ್, ಪರ್ಸು, ಫ್ರಿಜ್ಜಿನ ತಲೆ, ಎಲ್ಲೆಲ್ಲಿ ಗುಳಿಗೆ ಇವೆಯೋ ಅಷ್ಟನ್ನೂ ತಂದು ಹೊರಸಿನ ಮೇಲೆ ಸುರಿಯಿರಿ. ಈಗ ಬರೆಯಲು ಕೂತುಕೊಳ್ಳಿ. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರಷ್ಟೇ ಸಾಲದು. ಸ್ಟ್ರಿಪ್ ಮೇಲೆ ಸಣ್ಣಗೆ ಅಚ್ಚಾಗಿರುವ ಔಷಧದ ಹೆಸರು, ಎಷ್ಟು ಮಿಲಿಗ್ರಾಂ ಅನ್ನೋದು ಮುಖ್ಯ.

ಯಾಕೆ ಅಂದರೆ ಡೋಲೊ, ಕ್ರೋಸಿನ್, ಕ್ಯಾಲ್ಪಾಲ್ ಮೂರೂ ಪ್ಯಾರಸಿಟಮಾಲೇ. ನೆಗಡಿಗೆ ಕೊಡುವ ಎಷ್ಟೋ ಗುಳಿಗೆಗಳಲ್ಲೂ ಅದೇ ಇರುತ್ತದೆ. ಆರೋಗ್ಯವಂತ ವಯಸ್ಕರಿಗೂ ಪ್ಯಾರಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು. ಅಂದರೆ 650ರ ಗುಳಿಗೆ 6 ಆದರೆ ಅಲ್ಲಿಗೆ ಮುಗಿಯಿತು. ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ ಮಿತಿ ಇನ್ನೂ ಕಡಿಮೆ. ಶುಗರ್‌ದೂ ಇದೇ ಕಥೆ. ಮನೆಯಲ್ಲಿ ಮೆಟ್‌ಫಾರ್ಮಿನ್ ಮೊದಲೇ ನಡೆದಿರುತ್ತದೆ. ಇನ್ನೊಬ್ಬರು ಗ್ಲೈಕೋಮೆಟ್ ಜಿಪಿ ಬರೆಯುತ್ತಾರೆ. ಅದರೊಳಗೆ ಗ್ಲಿಮೆಪಿರೈಡ್ ಜೊತೆ ಮೆಟ್‌ಫಾರ್ಮಿನ್ ಕೂಡ ಇದೆ. ಎರಡನ್ನೂ ನುಂಗಿದರೆ ಮೆಟ್‌ಫಾರ್ಮಿನ್ ಡಬಲ್.

ಇನ್ಸುಲಿನ್, ಕಣ್ಣಿನ ಹನಿ, ಮುಲಾಮು, ಊರಿನ ಕಡೆಯ ಪುಡಿ, ಕಷಾಯ ಎಲ್ಲವೂ ಹಾಳೆಯಲ್ಲಿರಲಿ. 'ಅದು ಆಯುರ್ವೇದ, ಏನೂ ಆಗಲ್ಲ' ಅಂತ ಬಿಡಬೇಡಿ. ಹೆಸರಿಲ್ಲದೆ ಪೊಟ್ಟಣ ಕಟ್ಟಿ ಮಾರುವ ಮಂಡಿನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿದೆ. ಹಾಳೆಯ ತಲೆಯಲ್ಲಿ ಕೆಂಪು ಪೆನ್ನಿನಲ್ಲಿ ಅಲರ್ಜಿ ಬರೆಯಿರಿ: ಪೆನಿಸಿಲಿನ್, ಸಲ್ಫಾ, ಏನಿದ್ದರೂ ಸರಿ. ಕೊನೆಗೆ ಮೊಬೈಲಿನಲ್ಲಿ ಒಂದು ಫೋಟೊ. ಯಾವ ಊರಿನ ದವಾಖಾನೆಗೆ ಹೋದರೂ ಮೊದಲು ತೋರಿಸಬೇಕಾದದ್ದು ಈ ಹಾಳೆ.

ಡಾಕ್ಟರ್ ಮುಂದೆ ಕೂತಾಗ

ಒಪಿಡಿಯಲ್ಲಿ ಗದ್ದಲ. ನಿಮ್ಮ ಪಾಲಿಗೆ ಎರಡು ಮೂರು ನಿಮಿಷ ಸಿಕ್ಕರೆ ಜಾಸ್ತಿ. ಅಷ್ಟರಲ್ಲೇ ಕೇಳಿ: ಈ ಗುಳಿಗೆ ಯಾವುದಕ್ಕೆ? ಎಷ್ಟು ದಿನ? ಏನಾದರೆ ತಕ್ಷಣ ನಿಲ್ಲಿಸಬೇಕು? ಇದನ್ನು ತೆಗೆದುಕೊಳ್ಳದಿದ್ದರೆ ಏನಾಗುತ್ತದೆ? ನಾಲ್ಕನೆಯದನ್ನು ಕೇಳಲು ಹಿಂಜರಿಯುತ್ತೇವೆ. ಡಾಕ್ಟರ್ ಸಿಟ್ಟಾದಾರು ಅನ್ನೋ ಅಳುಕು. ಆದರೆ ಲಾಭ, ಅಪಾಯ, ಬೇರೆ ದಾರಿ ಮೂರನ್ನೂ ತಿಳಿದುಕೊಂಡು ಒಪ್ಪುವುದು ರೋಗಿಯ ಹಕ್ಕು. ಕೆಲವೊಮ್ಮೆ ಉತ್ತರವೇ ಚೀಟಿಯನ್ನು ಚಿಕ್ಕದು ಮಾಡುತ್ತದೆ. ವೈರಸ್‌ನಿಂದ ಬಂದ ನೆಗಡಿಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಹಾಗಿದ್ದೂ 'ಸ್ಟ್ರಾಂಗ್ ಗುಳಿಗೆ ಬರೀರಿ ಸರ್', 'ಒಂದು ಸಲೈನ್ ಹಚ್ಚರಿ' ಅಂತ ಒತ್ತಾಯ ಮಾಡುವವರು ನಾವೇ ಅಲ್ವಾ?

ಬಸುರಿ, ಬಾಣಂತಿ, ಕಿಡ್ನಿ ತೊಂದರೆ ಇರುವವರು ಅದನ್ನು ಡಾಕ್ಟರ್ ಕೇಳುವ ಮೊದಲೇ ಹೇಳಬೇಕು.

ಚೀಟಿ ಓದುವುದು ಕಷ್ಟವಲ್ಲ

1-0-1 ಅಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಓಡಿ ದಿನಕ್ಕೊಮ್ಮೆ, ಬಿಡಿ ಎರಡು ಸಲ, ಟಿಡಿಎಸ್ ಮೂರು ಸಲ. ಎಸ್‌ಒಎಸ್ ಅಂದರೆ ನೋವು, ಜ್ವರ ಇದ್ದಾಗ ಮಾತ್ರ. ಒಂದು ಗುಳಿಗೆಯ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವಂಥದ್ದು. ಅಪ್ಪಿತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ಸೋಮವಾರವೋ ಮಂಗಳವಾರವೋ, ಯಾವ ದಿನ ಅಂತ ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ.

ಮೆಡಿಕಲ್ ಅಂಗಡಿಯಲ್ಲಿ

ಸ್ಟ್ರಿಪ್ ತಿರುಗಿಸಿ. ಕೆಂಪು ಗೆರೆ ಇದೆಯಾ? ಹಾಗಿದ್ದರೆ ಅದು ಚೀಟಿ ಇಲ್ಲದೆ ಕೊಡಬಾರದ ಔಷಧ. ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ ಇದ್ದರೆ ಅದು ಎಚ್1 ಪಟ್ಟಿಯದು. ಕೆಲವು ಬಲವಾದ ಆ್ಯಂಟಿಬಯೋಟಿಕ್, ಟಿಬಿ ಔಷಧ, ಚಟ ಹಿಡಿಸುವ ನಿದ್ದೆ ಗುಳಿಗೆಗಳು ಇದರಲ್ಲಿವೆ. 2014ರಿಂದ ಇವನ್ನು ಮಾರುವಾಗ ರೋಗಿಯ ಹೆಸರು, ಡಾಕ್ಟರ ಹೆಸರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಅಂಗಡಿಯವನು ಹೆಸರು ಕೇಳಿದರೆ ಬೇಸರ ಬೇಡ. ಕೇಳದಿದ್ದರೇ ಅನುಮಾನ ಪಡಬೇಕು.

'ಇದೇ ಪವರ್ ರೀ, ಬ್ಯಾರೆ ಕಂಪನೀದು' ಅನ್ನೋ ಮಾತು ಎಲ್ಲರೂ ಕೇಳಿರುತ್ತೇವೆ. ಚೀಟಿಯಲ್ಲಿ ಬ್ರ್ಯಾಂಡ್ ಬರೆದಿದ್ದರೆ, ಎಚ್ ಪಟ್ಟಿಯ, ಅಂದರೆ ಚೀಟಿ ಇಲ್ಲದೆ ಕೊಡಬಾರದ ಔಷಧವನ್ನು ಅಂಗಡಿಯವರು ತಾವಾಗಿಯೇ ಬದಲಿಸುವಂತಿಲ್ಲ, ಒಳಗಿನ ಔಷಧ ಅದೇ ಆಗಿದ್ದರೂ ಸರಿ. ಹಾಗಾಗಿ ಕಡಿಮೆ ಬೆಲೆಗೆ ಬೇಕಿದ್ದರೆ ಡಾಕ್ಟರನ್ನೇ ಜೆನೆರಿಕ್ ಹೆಸರಲ್ಲಿ, ಅಂದರೆ ಬ್ರ್ಯಾಂಡ್ ಬಿಟ್ಟು ಒಳಗಿನ ಔಷಧದ ಹೆಸರಲ್ಲಿ, ಬರೆಯಲು ಕೇಳಿ. ಜೆನೆರಿಕ್ ಹೆಸರನ್ನು ಓದಲು ಬರುವ ಹಾಗೆ ಬರೆಯಬೇಕು ಅನ್ನೋ ನಿಯಮ ವೈದ್ಯರಿಗೆ 2016ರಿಂದಲೇ ಇದೆ. ಆ ಚೀಟಿ ಹಿಡಿದು ಜನೌಷಧಿ ಕೇಂದ್ರಕ್ಕೆ ಹೋದರೆ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ವರ್ಷಗಟ್ಟಲೆ ಬಿಪಿ, ಶುಗರ್ ಗುಳಿಗೆ ನುಂಗುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವು ಪುಕ್ಕಟೆಯಾಗಿಯೂ ಸಿಗುತ್ತವೆ.

ಇಲ್ಲಿ ನೀತಿಯ ಪ್ರಶ್ನೆಯೂ ಇದೆ. ಔಷಧ ಕಂಪನಿಗಳಿಂದ ಡಾಕ್ಟರು ಉಡುಗೊರೆ, ಪ್ರವಾಸ ಪಡೆಯಬಾರದು ಅಂತ 2009ರಲ್ಲೇ ವೈದ್ಯರ ನಿಯಮಕ್ಕೆ ಸೇರಿಸಿದರು. ಕಂಪನಿಗಳು ಕೊಡಬಾರದು ಅಂತ 2024ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಸಂಹಿತೆ ತಂದಿತು. ಎರಡು ಸಲ ಹೇಳಬೇಕಾಯಿತು ಅಂದರೆ ಚಟ ಎಷ್ಟು ಗಟ್ಟಿ ಅಂತ ನೀವೇ ಊಹಿಸಿ. 'ನಮ್ಮ ಒಳಗಿನ ಮೆಡಿಕಲ್‌ನಲ್ಲೇ ತಗೋಬೇಕು' ಅಂತ ಯಾರಾದರೂ ಒತ್ತಾಯಿಸಿದರೆ ಒಪ್ಪಬೇಕಾಗಿಲ್ಲ. ಔಷಧ ಎಲ್ಲಿ ಕೊಳ್ಳಬೇಕು ಅನ್ನೋದು ನಿಮ್ಮ ಆಯ್ಕೆ ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲೇ ಇದೆ.

ಸ್ಟ್ರಿಪ್ ಕತ್ತರಿಸಿ ಕೊಡುವಾಗ ಹೆಸರು, ಎಕ್ಸ್‌ಪೈರಿ ಇರುವ ಕಡೆಯ ತುಂಡನ್ನೇ ಕೇಳಿ. ಕಾಗದದಲ್ಲಿ ಕಟ್ಟಿಕೊಡುವ ನಾಲ್ಕು ಬಣ್ಣದ 'ಸೆಟ್' ಗುಳಿಗೆ ಸುತಾರಾಂ ಬೇಡ. ಅದರಲ್ಲಿ ಏನಿದೆ ಅಂತ ನಾಳೆ ಯಾವ ಡಾಕ್ಟರೂ ಹೇಳಲಾರರು.

ನಮ್ಮ ಬಿಸಿಲು, ನಮ್ಮ ಉಪವಾಸ

ಕಂಪನಿಯವರು '30 ಡಿಗ್ರಿಗಿಂತ ಕೆಳಗೆ ಇಡಿ' ಅಂತ ಅಚ್ಚು ಹಾಕುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ದಾಟುತ್ತದೆ. ತಗಡಿನ ಮನೆಯ ಒಳಗೆ, ಬೈಕಿನ ಡಿಕ್ಕಿಯಲ್ಲಿ ಇನ್ನೂ ಜಾಸ್ತಿ. ಸೀಲ್ ತೆರೆಯದ ಇನ್ಸುಲಿನ್ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಆದರೆ ಹೆಪ್ಪುಗಟ್ಟಬಾರದು. ಫ್ರೀಜರ್‌ನಲ್ಲಿ ಇಟ್ಟದ್ದು ಕೆಟ್ಟಿತು ಅಂತಲೇ ಲೆಕ್ಕ. ಫ್ರಿಜ್ ಇಲ್ಲದವರು ಬಳಸುತ್ತಿರುವ ಬಾಟಲಿಯನ್ನಾದರೂ ತಂಪಾಗಿ ಇಡಬಹುದು. ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಹಸಿ ಮರಳು ತುಂಬಿ, ಒಳಗಿನ ಗಡಿಗೆಯಲ್ಲಿ ಬಾಟಲಿ ಒಣಗಿರುವಂತೆ ಇಡಿ.

ಬಿಸಿಲಿಗೆ ಇನ್ನೊಂದು ಮುಖವಿದೆ. ಬಿಪಿಗೆ ಟೆಲ್ಮಿಸಾರ್ಟನ್ ಥರದ ಗುಳಿಗೆ, ಜೊತೆಗೆ ಮೂತ್ರ ಹೆಚ್ಚಿಸುವ ಗುಳಿಗೆ ನಡೆದಿದೆ. ಹೊಲದಲ್ಲಿ ದುಡಿದು ಮೈಯ ನೀರು ಇಂಗಿದೆ. ಸಂಜೆ ಸೊಂಟನೋವಿಗೆ ಡೈಕ್ಲೋಫೆನಾಕ್ ನುಂಗುತ್ತಾರೆ. ಈ ಮೂರೂ ಗುಳಿಗೆ ಒಟ್ಟಾದರೆ ಕಿಡ್ನಿಗೆ ದೊಡ್ಡ ಪೆಟ್ಟು. ಸೊಲ್ಲಾಪುರದ ಮೊಣಕಾಲಿನ ಚೀಟಿ, ಕಲಬುರಗಿಯ ಬಿಪಿ ಚೀಟಿ ಕೂಡುವುದು ಹೀಗೆ. ವಾಂತಿ, ಭೇದಿ ಹತ್ತಿದ ದಿನ ಯಾವ ಗುಳಿಗೆ ತಡೆಹಿಡಿಯಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಶ್ರಾವಣ ಸೋಮವಾರ, ಏಕಾದಶಿ, ರೋಜಾ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಮೇಲಿರುವವರು ಹೊಟ್ಟೆ ಖಾಲಿ ಬಿಟ್ಟರೆ ಶುಗರ್ ಕುಸಿಯುತ್ತದೆ. ರಂಜಾನ್‌ಗೆ ಒಂದೆರಡು ತಿಂಗಳು ಮೊದಲೇ ಡಾಕ್ಟರನ್ನು ಕಂಡರೆ ಡೋಸ್, ಹೊತ್ತು ಎರಡನ್ನೂ ಹೊಂದಿಸಿ ಕೊಡುತ್ತಾರೆ. ಬೆವರು, ನಡುಕ, ಕಣ್ಣುಕತ್ತಲೆ ಬಂದು ಶುಗರ್ 70ಕ್ಕಿಂತ ಕೆಳಗಿದ್ದರೆ ಕೂಡಲೇ ಸಕ್ಕರೆ ನೀರು ಕುಡಿಯಬೇಕು. ಉಪವಾಸ ಅಲ್ಲಿಗೆ ನಿಂತಿತು.

ನಿಲ್ಲಿಸುವುದಕ್ಕೂ ಒಂದು ಕ್ರಮ

'ಬಿಪಿ ನಾರ್ಮಲ್ ಬಂತು, ಗುಳಿಗೆ ಬಿಟ್ಟೆ' ಅನ್ನುವವರು ಬಹಳ. ನಾರ್ಮಲ್ ಬಂದದ್ದೇ ಗುಳಿಗೆಯಿಂದ. ಲಕ್ವ, ಹೃದಯಾಘಾತ, ಕಿಡ್ನಿ ಕೆಡುವುದನ್ನು ತಡೆಯುವುದು ಈ ದಿನದಿನದ ಗುಳಿಗೆಯೇ. ಅದರ ಲಾಭ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಬೆಲೆ ಇಲ್ಲ. ಟಿಬಿಗೆ ಸಾಮಾನ್ಯವಾಗಿ ಆರು ತಿಂಗಳು. ಕೆಮ್ಮು ಹೋಯಿತು ಅಂತ ಎರಡನೇ ತಿಂಗಳಿಗೆ ಬಿಟ್ಟರೆ ಮದ್ದಿಗೆ ಬಗ್ಗದ ಟಿಬಿ ಎದ್ದು ಬರಬಹುದು. ಅದು ಪಕ್ಕದಲ್ಲಿ ಮಲಗಿದವರಿಗೂ ಹರಡುತ್ತದೆ. ಕೆಲವು ವಾರಕ್ಕಿಂತ ಹೆಚ್ಚು ತೆಗೆದುಕೊಂಡ ಸ್ಟೀರಾಯ್ಡ್, ನಿದ್ದೆಯ ಅಲ್‌ಪ್ರಾಜೋಲಾಂ ಇವನ್ನು ಥಟ್ಟನೆ ಬಿಡಬಾರದು. ಡಾಕ್ಟರ್ ಹೇಳಿದಂತೆ ಇಳಿಸುತ್ತಾ ಬರಬೇಕು.

ಉಳಿದ ಗುಳಿಗೆಯನ್ನು ನೆರೆಮನೆಯವರಿಗೆ ಕೊಡುವ ಧಾರಾಳತನ ಬೇಡ.

ಏನಾದರೂ ಆದರೆ

ಮುಖ, ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ, ಬಾಯಿ ಕಣ್ಣಿನಲ್ಲಿ ಹುಣ್ಣೆದ್ದು ಮೈಮೇಲೆ ಬೊಬ್ಬೆ ಬಂದರೆ ಗುಳಿಗೆ ನಿಲ್ಲಿಸಿ 108ಕ್ಕೆ ಫೋನ್ ಮಾಡಿ. ಜೀವ ಉಳಿದ ಮೇಲೆ ಇನ್ನೊಂದು ಕೆಲಸವಿದೆ. ಔಷಧದ ಅಡ್ಡ ಪರಿಣಾಮ ವರದಿ ಮಾಡಲು ಕೇಂದ್ರ ಸರ್ಕಾರದ ಪುಕ್ಕಟೆ ನಂಬರ್ ಇದೆ: 1800-180-3024. ರೋಗಿ ಅಥವಾ ಮನೆಯವರೇ ಮಾಡಬಹುದು. ಅವರು ಔಷಧದ ಹೆಸರು, ಯಾವಾಗ ಶುರು ಮಾಡಿದಿರಿ, ಬ್ಯಾಚ್ ನಂಬರ್ ಎಷ್ಟು ಅಂತ ಕೇಳುತ್ತಾರೆ. ಆ ನಂಬರ್ ಸ್ಟ್ರಿಪ್ ಮೇಲೆಯೇ ಇರುತ್ತದೆ, ಕೋರ್ಸ್ ಮುಗಿಯುವ ತನಕ ಅದನ್ನು ಎಸೆಯಬೇಡಿ.