ಮಗುವಿನ ಆವರೇಜ್ .300 ಇದ್ದರೆ ಖುಷಿಪಡಿ: ಹೊಸದಾಗಿ ಬಂದವರಿಗೆ ಬೇಸ್‌ಬಾಲ್ ಲೆಕ್ಕ

ಚಳಿ ಕಡಿಮೆಯಾದ ಕೂಡಲೇ ಇಲ್ಲಿ ಅಮೆರಿಕದಲ್ಲಿ ಮಕ್ಕಳನ್ನು ಲಿಟಲ್ ಲೀಗ್‌ಗೆ, ಅಂದರೆ ಮಕ್ಕಳ ಬೇಸ್‌ಬಾಲ್ ಲೀಗ್‌ಗೆ, ಸೇರಿಸುವ ಗಡಿಬಿಡಿ ಶುರುವಾಗುತ್ತದೆ. ನಾಲ್ಕು ಮ್ಯಾಚ್ ಆಗುವಷ್ಟರಲ್ಲಿ ಟೀಮಿನ ಆಪ್‌ನಲ್ಲಿ ಮಗುವಿನ ಹೆಸರಿನ ಮುಂದೆ ಬ್ಯಾಟಿಂಗ್ ಆವರೇಜ್ .300 ಅಂತ ಕಾಣುತ್ತದೆ. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ತೀರಾ ಕಮ್ಮಿ ಅನ್ನಿಸುತ್ತದೆ, ಅಲ್ವಾ? ದಯವಿಟ್ಟು ಬೈಯಬೇಡಿ. ವೃತ್ತಿಪರರ ಮೇಜರ್ ಲೀಗ್‌ನಲ್ಲಿ ಸೀಸನ್ ಪೂರ್ತಿ .300 ಹೊಡೆಯುವವರು ಈಗ ಬೆರಳೆಣಿಕೆಯಷ್ಟು ಜನ.

ಕ್ರಿಕೆಟ್‌ನಲ್ಲಿ ಒಟ್ಟು ರನ್ನನ್ನು ಎಷ್ಟು ಸಲ ಔಟಾದರೋ ಅದರಿಂದ ಭಾಗಿಸುತ್ತೇವೆ. ಇಲ್ಲಿ ರನ್ನಿನ ಮಾತೇ ಇಲ್ಲ. ತನ್ನ ಹೊಡೆತದಿಂದಲೇ ಔಟಾಗದೆ ಬೇಸ್ ತಲುಪಿದರೆ ಅದು ಹಿಟ್. ಹಿಟ್‌ಗಳನ್ನು ಅಟ್-ಬ್ಯಾಟ್‌ಗಳಿಂದ (ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿಗಳಿಂದ) ಭಾಗಿಸಿ, ದಶಾಂಶದ ಮೂರು ಸ್ಥಾನ ಬರೆಯಿರಿ, ಅಷ್ಟೇ. ಹೋಮ್ ರನ್ ಹೊಡೆದರೂ ಒಂದೇ ಹಿಟ್, ಒಂದು ಬೇಸ್ ಓಡಿದರೂ ಒಂದೇ ಹಿಟ್.

ಎಲ್ಲರೂ ಎಡವುವುದು ಅಟ್-ಬ್ಯಾಟ್ ಹತ್ತಿರ. ಬ್ಯಾಟ್ ಹಿಡಿದು ನಿಂತದ್ದೆಲ್ಲ ಅಟ್-ಬ್ಯಾಟ್ ಆಗುವುದಿಲ್ಲ. ಪಿಚರ್ ನಾಲ್ಕು ಕೆಟ್ಟ ಬಾಲ್ ಎಸೆದು ವಾಕ್, ಅಂದರೆ ಹೊಡೆಯದೆಯೇ ಮೊದಲ ಬೇಸ್, ಸಿಕ್ಕಿದರೆ ಅದು ಲೆಕ್ಕಕ್ಕಿಲ್ಲ. ಚೆಂಡು ಮೈಗೆ ಬಡಿದು ಬೇಸ್ ಸಿಕ್ಕಿದರೂ ಇಲ್ಲ. ತಾನು ಕ್ಯಾಚ್ ಔಟಾದರೂ ಮೂರನೇ ಬೇಸ್‌ನಲ್ಲಿದ್ದವನು ರನ್ ಗಳಿಸಿದರೆ ಅದು ಸ್ಯಾಕ್ರಿಫೈಸ್ ಫ್ಲೈ, ಅದೂ ಇಲ್ಲ. ಆದರೆ ಫೀಲ್ಡರ್ ಸುಲಭದ ಚೆಂಡು ಬಿಟ್ಟು ಮಗು ಬೇಸ್ ತಲುಪಿದರೆ ಅದು ಎರರ್: ಅಟ್-ಬ್ಯಾಟ್ ಒಂದು ಏರುತ್ತದೆ, ಹಿಟ್ ಮಾತ್ರ ಸಿಗುವುದಿಲ್ಲ.

ಹುಡುಗಿ 14 ಸಲ ಬ್ಯಾಟಿಗೆ ನಿಂತಳು ಅನ್ನಿ. ಎರಡು ವಾಕ್, ಒಮ್ಮೆ ಚೆಂಡು ಮೈಗೆ ಬಡಿಯಿತು, ಒಂದು ಸ್ಯಾಕ್ರಿಫೈಸ್ ಫ್ಲೈ. ಉಳಿದದ್ದು 10 ಅಟ್-ಬ್ಯಾಟ್. ಹಿಟ್ ಮೂರು. 3 ಭಾಗಿಸು 10, ಅಂದರೆ .300. ಜನ ಇದನ್ನು ‘ತ್ರೀ ಹಂಡ್ರೆಡ್’ ಅಂತಲೇ ಹೇಳುತ್ತಾರೆ. ಅವಳು ಬೇಸ್ ತಲುಪಿದ್ದು ಮಾತ್ರ 14ರಲ್ಲಿ 6 ಸಲ, ಅದಕ್ಕೆ ಆನ್-ಬೇಸ್ ಪರ್ಸೆಂಟೇಜ್ .429 ಆಗುತ್ತದೆ. ಚಿಕ್ಕ ಮಕ್ಕಳ ಪಿಚಿಂಗ್‌ನಲ್ಲಿ ವಾಕ್ ಜಾಸ್ತಿ, ಹಾಗಾಗಿ ನಮ್ಮ ಪ್ರಕಾರ ಈ ಎರಡನೇ ಅಂಕಿಯೇ ಮಗುವಿನ ತಾಳ್ಮೆಯನ್ನು ಚೆನ್ನಾಗಿ ತೋರಿಸುತ್ತದೆ.

ಈ ಚಿಕ್ಕ ದಶಾಂಶಗಳಿಗೆ ಇಲ್ಲಿ ಎಷ್ಟು ಬೆಲೆ ಅಂತೀರಾ? 1941ರ ಸೀಸನ್ನಿನ ಕೊನೆಯ ದಿನ ಬೆಳಿಗ್ಗೆ ಬಾಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್ ಆವರೇಜ್ .39955 ಇತ್ತು, ಸುಮ್ನೆ ಕೂತಿದ್ದರೂ ಅದನ್ನು .400 ಅಂತಲೇ ಬರೆಯುತ್ತಿದ್ದರು. ಆತ ಕೂರಲಿಲ್ಲ. ಅವತ್ತಿನ ಎರಡೂ ಮ್ಯಾಚ್ ಆಡಿ, 8ರಲ್ಲಿ 6 ಹಿಟ್ ಹೊಡೆದು, 456 ಅಟ್-ಬ್ಯಾಟ್‌ಗೆ 185 ಹಿಟ್, ಅಂದರೆ .406ಕ್ಕೆ ಸೀಸನ್ ಮುಗಿಸಿದ. ಮೇಜರ್ ಲೀಗ್‌ನ ಎರಡು ಭಾಗಗಳಾದ ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎರಡರಲ್ಲೂ ಆಮೇಲೆ ಯಾರೂ .400 ಮುಟ್ಟಿಲ್ಲ. ಅಷ್ಟು ದೊಡ್ಡ ಆಟಗಾರನೂ ಹತ್ತರಲ್ಲಿ ಆರು ಸಲ ಹಿಟ್ ಇಲ್ಲದೆ ವಾಪಸ್ ಬಂದಿದ್ದಾನೆ. ಮಗುವಿಗೆ ಇದನ್ನು ಖಂಡಿತ ಹೇಳಿ.

ನಿಮ್ಮ ಲೆಕ್ಕಕ್ಕೂ ಆಪ್ ಲೆಕ್ಕಕ್ಕೂ ತಾಳೆಯಾಗದಿದ್ದರೆ ಮೊದಲು ಎರರ್ ಎಷ್ಟು ಬರೆದಿದ್ದಾರೆ ನೋಡಿ. ಹಿಟ್ಟೋ ಎರರೋ ಅಂತ ತೀರ್ಮಾನಿಸುವುದು ಸ್ಕೋರರ್. ಮಕ್ಕಳ ಮ್ಯಾಚ್‌ನಲ್ಲಿ ಸಾಮಾನ್ಯವಾಗಿ ಅವರೂ ಯಾವುದೋ ಮಗುವಿನ ಅಪ್ಪನೋ ಅಮ್ಮನೋ ಆಗಿರುತ್ತಾರೆ. ಆಟ ಮುಗಿದ ಮೇಲೆ ಸಮಾಧಾನವಾಗಿ ಕೇಳಿದರೆ ವಿವರಿಸುತ್ತಾರೆ.