ದುಡ್ಡಿನ ಮಾತು ಜಗಳವಾಗದ ಹಾಗೆ ಆಡುವುದು ಹೇಗೆ?

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಬೇರೆ ಜಗಳಗಳಿಗೆ ಈ ಮಾತು ಸರಿ, ದುಡ್ಡಿನ ಜಗಳಕ್ಕೆ ಅಲ್ಲ. ಅದು ಉಂಡ ಮೇಲೂ ಇರುತ್ತದೆ, ಮಲಗಿ ಎದ್ದ ಮೇಲೂ ಇರುತ್ತದೆ, ಮುಂದಿನ ತಿಂಗಳು ಕರೆಂಟ್ ಬಿಲ್ಲಿನ ಜೊತೆ ಮತ್ತೆ ಮನೆಯೊಳಗೆ ಬರುತ್ತದೆ.

ಅಮೆರಿಕದಲ್ಲಿ ಲಾರೆನ್ ಪ್ಯಾಪ್ ಅನ್ನುವ ಸಂಶೋಧಕಿ ಮತ್ತು ಅವರ ಜೊತೆಗಾರರು 100 ದಂಪತಿಗಳಿಗೆ ಡೈರಿ ಕೊಟ್ಟು, ಮನೆಯಲ್ಲಿ ಆದ ಜಗಳಗಳನ್ನೆಲ್ಲ ಬರೆದಿಡಿ ಅಂದರು. 2009ರಲ್ಲಿ ಫಲಿತಾಂಶ ಬಂತು. ಎಷ್ಟು ಸಲ ಅಂತ ಲೆಕ್ಕ ಹಾಕಿದರೆ ದುಡ್ಡಿನ ಜಗಳವೇ ಜಾಸ್ತಿ ಏನಲ್ಲ, ಮಕ್ಕಳ ವಿಷಯಕ್ಕೆ ಅದಕ್ಕಿಂತ ಜಾಸ್ತಿ ಆಗಿತ್ತು. ಆದರೆ ದುಡ್ಡಿನ ಜಗಳ ಮರುಕಳಿಸುತ್ತಿತ್ತು, ಬಿರುಸಾಗಿರುತ್ತಿತ್ತು, ಬಗೆಹರಿಸೋಣ ಅಂತ ಇಬ್ಬರೂ ಎಷ್ಟು ಒದ್ದಾಡಿದರೂ ಬಗೆಹರಿಯದೆ ಉಳಿಯುತ್ತಿತ್ತು. ಇದನ್ನು ಓದಿದಾಗ ನನಗೆ ಒಂದು ಥರ ಸಮಾಧಾನ ಆಯಿತು. ನಮ್ಮ ಮನೆಯಲ್ಲಿ ಮಾತ್ರ ಹೀಗಲ್ಲ.

ನಾನು ಮನಶ್ಶಾಸ್ತ್ರ ಕಲಿತವಳಲ್ಲ. ಮದುವೆಯಾಗಿ 11 ವರ್ಷ ಆಯಿತು, ಅದರಲ್ಲಿ ಮೊದಲ ಏಳು ವರ್ಷ ದುಡ್ಡಿನ ಮಾತು ಬಂದರೆ ನಮ್ಮಿಬ್ಬರಲ್ಲಿ ಒಬ್ಬರು ಎದ್ದು ಹೋಗುತ್ತಿದ್ದೆವು. ಆಮೇಲೆ ಓದಿದ್ದು, ಮಾಡಿ ನೋಡಿದ್ದು, ಉಪಯೋಗಕ್ಕೆ ಬಂದಿದ್ದು ಇಲ್ಲಿದೆ.

ಮೊದಲನೆಯದು, ಬಜೆಟ್ ಬರೆಯಲು ಕೂರಬೇಡಿ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಆಪ್ ಹಾಕಿಕೊಳ್ಳುತ್ತಾರೆ, ಎರಡು ತಿಂಗಳಿಗೆ ಬಿಟ್ಟುಬಿಡುತ್ತಾರೆ. ಅದರ ಬದಲು ಒಂದು ಸಂಜೆ ಕೂತು ನೀವಿಬ್ಬರೂ ಬೆಳೆದ ಮನೆಯ ಕಥೆ ಹೇಳಿಕೊಳ್ಳಿ. ನಿಮ್ಮ ಮನೆಯಲ್ಲಿ ದುಡ್ಡು ಎಲ್ಲಿ ಇಡುತ್ತಿದ್ದರು? ಯಾರ ಕೈಯಲ್ಲಿ ಇರುತ್ತಿತ್ತು? ಅಮ್ಮನಿಗೆ ಹತ್ತು ರೂಪಾಯಿ ಬೇಕಾದರೆ ಯಾರನ್ನಾದರೂ ಕೇಳಬೇಕಿತ್ತಾ? ಮನೆಯಲ್ಲಿ ದುಡ್ಡಿಲ್ಲ ಅಂತ ನಿಮಗೆ ಮೊದಲ ಸಲ ಗೊತ್ತಾಗಿದ್ದು ಯಾವಾಗ? ಸಾಲ ಕೊಟ್ಟವರು ಬಾಗಿಲಿಗೆ ಬಂದಿದ್ದು ನೆನಪಿದೆಯಾ?

ನಮ್ಮ ತಂದೆ ಶಿವಮೊಗ್ಗದಲ್ಲಿ ಗುಮಾಸ್ತರಾಗಿದ್ದರು. ಒಂದನೇ ತಾರೀಕು ಸಂಬಳ ತಂದು ದೇವರ ಮುಂದೆ ಇಟ್ಟು, ಆಮೇಲೆ ಹಳೇ ಮದುವೆ ಕವರ್‌ಗಳಲ್ಲಿ ಹಂಚಿಡುತ್ತಿದ್ದರು. ಬಾಡಿಗೆ, ಹಾಲು, ದಿನಸಿ, ಫೀಸು. ಅಮ್ಮನದು ಸಾಸಿವೆ ಡಬ್ಬಿ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಕಟ್ಟುತ್ತಿದ್ದ ಚೀಟಿ ಮುಳುಗಿತು, ನಡೆಸುತ್ತಿದ್ದವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದ್ದರು. ಆ ತಿಂಗಳು ಅಮ್ಮ ಸಾಸಿವೆ ಡಬ್ಬಿಯನ್ನು ಪೇಪರಿನ ಮೇಲೆ ಪೂರ್ತಿ ಸುರಿದು, ಕಾಳುಗಳ ಮಧ್ಯದಿಂದ ನಾಣ್ಯ ಆರಿಸಿದ್ದು ಈಗಲೂ ಕಣ್ಣ ಮುಂದಿದೆ. ಅವತ್ತಿನಿಂದ ನನಗೆ ದುಡ್ಡು ಅಂದರೆ ಇಡಬೇಕಾದದ್ದು. ಕೈಬಿಟ್ಟರೆ ಹೋಯಿತು.

ನಮ್ಮ ಮನೆಯವರದು ಮದ್ದೂರಿನ ಕಡೆ, ಕಬ್ಬು ಬೆಳೆಯುವ ಮನೆ. ಅಲ್ಲಿ ಒಂದನೇ ತಾರೀಕು ಅನ್ನುವುದೇ ಇಲ್ಲ. ಕಬ್ಬು ಕಡಿದು ಕಳಿಸಿ, ಕಾರ್ಖಾನೆಯಿಂದ ದುಡ್ಡು ಬಂದಾಗಲೇ ದುಡ್ಡು, ಅಲ್ಲಿಯವರೆಗೆ ಕೈಸಾಲ. ದುಡ್ಡು ಬಂದ ದಿನ ಮಾವನವರು ಎಲ್ಲರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ ಬಟ್ಟೆ ಕೊಡಿಸಿ, ರಾತ್ರಿ ಬಾಡೂಟ ಮಾಡಿಸುತ್ತಿದ್ದರಂತೆ. ಯಾಕೆಂದರೆ ಬೆಳಿಗ್ಗೆ ಸಾಲ ಕೊಟ್ಟವರು ಬಂದು ಉಳಿದಿದ್ದನ್ನು ಒಯ್ಯುತ್ತಿದ್ದರು. ಆ ಮನೆಯಲ್ಲಿ ಇಟ್ಟ ದುಡ್ಡು ಬೇರೆಯವರದ್ದು, ಮಕ್ಕಳ ಮೈಮೇಲೆ ಹಾಕಿದ್ದು ಮಾತ್ರ ತಮ್ಮದು. ಇವರು ಬೋನಸ್ ಬಂದ ದಿನವೇ ಕೇಳದೆ ಸೀರೆ ತಂದರೆ ನನಗೆ ಎದೆ ಝಲ್ ಅನ್ನುತ್ತಿತ್ತು. ನಾನು “ಇದಕ್ಕೆಷ್ಟು?” ಅಂದರೆ ಇವರ ಮುಖ ಬಾಡುತ್ತಿತ್ತು. ಅದು ಅವರಿಗೆ ಪ್ರೀತಿ, ನನಗೆ ಮುಳುಗಿದ ಚೀಟಿ. ಇದು ನಮಗೆ ತಿಳಿಯಲು ಏಳು ವರ್ಷ ಬೇಕಾಯಿತು. ನೀವು ಅಷ್ಟು ಕಾಯಬೇಡಿ, ಮೊದಲ ವರ್ಷವೇ ಕೇಳಿ.

ಹೀಗೆ ಚಿಕ್ಕಂದಿನಲ್ಲಿ ಕೂತ ನಂಬಿಕೆಗಳ ಮೇಲೆ ಬ್ರ್ಯಾಡ್ ಕ್ಲಾಂಟ್ಝ್ ಅನ್ನುವ ಮನಶ್ಶಾಸ್ತ್ರಜ್ಞರು ಕೆಲಸ ಮಾಡಿದ್ದಾರೆ. 2011ರಲ್ಲಿ ಅವರು ಇವನ್ನು ನಾಲ್ಕು ಗುಂಪು ಮಾಡಿದರು. ದುಡ್ಡು ಕೆಟ್ಟದ್ದು, ದೂರ ಇರಬೇಕು ಅನ್ನುವವರು. ದುಡ್ಡಿದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವವರು. ದುಡ್ಡಿದ್ದಷ್ಟೇ ನನ್ನ ಬೆಲೆ ಅನ್ನುವವರು. ಸದಾ ಎಚ್ಚರವಾಗಿರಬೇಕು, ಕೂಡಿಡಬೇಕು ಅನ್ನುವವರು. ಇದನ್ನು ತಿಳಿಯಲು ಪ್ರಶ್ನಾವಳಿ ತುಂಬುತ್ತಾ ಕೂರಬೇಕಿಲ್ಲ, ನಿಮ್ಮ ಮನೆಯಲ್ಲಿ ಯಾವ ಗಾದೆ ಜಾಸ್ತಿ ಓಡಾಡುತ್ತಿತ್ತು ಅಂತ ನೆನಪಿಸಿಕೊಳ್ಳಿ ಸಾಕು. ನಮ್ಮಲ್ಲಿ “ಹಾಸಿಗೆ ಇದ್ದಷ್ಟು ಕಾಲು ಚಾಚು”. ಕೆಲವರ ಮನೆಯಲ್ಲಿ “ದುಡ್ಡೇ ದೊಡ್ಡಪ್ಪ”. ಒಂದು ಗಾದೆಯ ಮನೆಯಲ್ಲಿ ಬೆಳೆದವರಿಗೆ ಇನ್ನೊಂದು ಗಾದೆಯ ಮನೆ ಒಗ್ಗಲು ಸಮಯ ಬೇಕು.

ಎರಡನೆಯದು, ಯಾವಾಗ ಮಾತಾಡಬೇಕು ಅನ್ನುವುದು. ತಿಂಗಳ ಕೊನೆಯಲ್ಲಿ ಮಾತ್ರ ಬೇಡ. ತಮಿಳುನಾಡಿನಲ್ಲಿ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ ಒಂದು ಸಲ, ಕಟಾವಾಗಿ ದುಡ್ಡು ಬಂದ ಮೇಲೆ ಒಂದು ಸಲ ಬುದ್ಧಿಯ ಪರೀಕ್ಷೆ ಕೊಟ್ಟರು. ಆನಂದಿ ಮಣಿ, ಸೆಂಧಿಲ್ ಮುಲೈನಾಥನ್ ಮತ್ತಿಬ್ಬರು ಮಾಡಿದ ಅಧ್ಯಯನ ಇದು, ಪ್ರಕಟವಾಗಿದ್ದು 2013ರಲ್ಲಿ. ಅದೇ ರೈತ, ಅದೇ ತಲೆ. ಆದರೂ ಕೈ ಬರಿದಾಗಿದ್ದಾಗ ತಪ್ಪು ಜಾಸ್ತಿ, ನಿಧಾನ ಜಾಸ್ತಿ. ದುಡ್ಡಿನ ಚಿಂತೆ ತಲೆಯಲ್ಲಿ ಜಾಗ ಹಿಡಿದುಬಿಡುತ್ತದೆ ಅನ್ನುವುದು ಅವರ ವಿವರಣೆ. ಇದನ್ನು ಓದಿದ ದಿನ ನಮ್ಮವರು ಸುಮ್ಮನೆ ಕೂತಿದ್ದು, ಆಮೇಲೆ “ಅಪ್ಪ ಆ ನಾಲ್ಕು ತಿಂಗಳು ಯಾಕೆ ಹಂಗೆ ರೇಗ್ತಿದ್ರು ಅಂತ ಈಗ ಗೊತ್ತಾಯ್ತು” ಅಂದರು. ಹಾಗಾಗಿ ಸಂಬಳ ಬಂದ ಮೊದಲ ವಾರ, ಊಟ ಆದ ಮೇಲೆ, ಮಕ್ಕಳು ಮಲಗಿದ ಮೇಲೆ ಕೂರಿ. ಅರ್ಧ ಗಂಟೆ ಸಾಕು.

ಮಾತು ಶುರು ಮಾಡುವ ರೀತಿಯ ಮೇಲೆ ತುಂಬ ನಿಂತಿದೆ. ದಾಂಪತ್ಯದ ಬಗ್ಗೆ ಸಂಶೋಧನೆ ಮಾಡಿದ ಜಾನ್ ಗಾಟ್‌ಮನ್ ಮತ್ತು ಸಿಬಿಲ್ ಕರೇರ್ ಹೊಸದಾಗಿ ಮದುವೆಯಾದ 124 ಜೋಡಿಗಳು 15 ನಿಮಿಷ ವಾದ ಮಾಡುವುದನ್ನು ಚಿತ್ರೀಕರಿಸಿ ನೋಡಿದ್ದರು. ಮೊದಲ ಮೂರು ನಿಮಿಷದಲ್ಲೇ ಮುಂದೆ ಯಾರು ಬೇರೆಯಾಗಬಹುದು ಅನ್ನುವ ಸುಳಿವು ಸಿಗುತ್ತಿತ್ತು. ಅದಕ್ಕೆ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಒಂದು ಸಲ ಹೇಳಿಕೊಂಡು ಬನ್ನಿ. “ನೀವು ಯಾವಾಗಲೂ ಹೀಗೇ, ನಿಮ್ಮ ಮನೆಯವರೆಲ್ಲ ಹೀಗೇ” ಅಂತ ಶುರುವಾದರೆ ಅಲ್ಲಿಗೆ ಮುಗಿಯಿತು. “ರೀ, ಈ ತಿಂಗಳು ಕಾರ್ಡಿನ ಬಿಲ್ ನೋಡಿ ನನಗೆ ಭಯ ಆಯ್ತು, ಒಂದು ಸಲ ಕೂತು ನೋಡೋಣ್ವಾ?” ಅಂದರೆ ಎದುರಿಗಿರುವವರಿಗೆ ಉತ್ತರ ಕೊಡಲು ಜಾಗ ಇರುತ್ತದೆ. ಭಯ ಆಗಿದ್ದರೆ ಭಯ ಅನ್ನಿ. ಅದನ್ನು ಸಿಟ್ಟು ಮಾಡಿ ಹೇಳುವುದು ನಮಗೆಲ್ಲ ಅಭ್ಯಾಸ ಆಗಿಬಿಟ್ಟಿದೆ. ಇನ್ನೊಂದು ವಿಷಯ, ಗಾಟ್‌ಮನ್ ಅವರ ಲೆಕ್ಕದ ಪ್ರಕಾರ ದಂಪತಿಗಳ ತಕರಾರುಗಳಲ್ಲಿ ನೂರಕ್ಕೆ 69 ಯಾವತ್ತೂ ಪೂರ್ತಿ ಬಗೆಹರಿಯುವುದಿಲ್ಲ. ಅಂಥ ಮನೆಗಳೂ ಚೆನ್ನಾಗಿ ನಡೆಯುತ್ತವೆ.

ಆಮೇಲೆ ಜುಗ್ಗತನದ ಮಾತು. ಸ್ಕಾಟ್ ರಿಕ್ ಮತ್ತು ಜೊತೆಗಾರರು 2008ರಿಂದ ಇದನ್ನು ಅಳೆಯುತ್ತಾ ಬಂದಿದ್ದಾರೆ. ದುಡ್ಡು ಕೊಡುವಾಗ ಕೆಲವರಿಗೆ ಒಳಗೆ ಚುರುಕ್ ಅನ್ನುತ್ತದೆ, ಬೇಕಾದ್ದನ್ನೂ ಕೊಳ್ಳಲಾಗದಷ್ಟು. ಕೆಲವರಿಗೆ ಏನೂ ಅನ್ನಿಸುವುದಿಲ್ಲ, ಕೊಂಡ ಮೇಲೆ ಬೇಜಾರಾಗುತ್ತದೆ. ಇಬ್ಬರಿಗೂ ತಮ್ಮ ಸ್ವಭಾವ ಇಷ್ಟವಿಲ್ಲ. 2011ರಲ್ಲಿ ಅವರು ಕಂಡುಕೊಂಡಿದ್ದು ಏನೆಂದರೆ, ಇಂಥವರು ತಮಗೆ ಉಲ್ಟಾ ಇರುವವರನ್ನೇ ಮೆಚ್ಚಿ ಮದುವೆಯಾಗುತ್ತಾರೆ, ಆಮೇಲೆ ಅದೇ ಅಂತರದಿಂದ ಜಗಳ ಜಾಸ್ತಿ ಆಗುತ್ತದೆ. ಮೊದಲರ್ಧ ಅಮೆರಿಕದ ಮದುವೆಗಳ ಕಥೆ. ಜಾತಕ ನೋಡಿ, ಮನೆತನ ವಿಚಾರಿಸಿ ಆದ ಮದುವೆಯಲ್ಲಿ ಖರ್ಚಿನ ಸ್ವಭಾವ ಯಾರೂ ನೋಡಿರುವುದಿಲ್ಲ. ಎರಡನೇ ಅರ್ಧ ಮಾತ್ರ ನಮ್ಮ ಮನೆಗೂ ಸರಿಯಾಗಿ ಹೊಂದುತ್ತದೆ. ಇದಕ್ಕೆ ನಾವು ಮಾಡಿಕೊಂಡಿದ್ದು ಇಷ್ಟೇ. ತಿಂಗಳಿಗೆ ಇಬ್ಬರಿಗೂ ಸಮ ಮೊತ್ತ, ಅದಕ್ಕೆ ಲೆಕ್ಕ ಕೇಳುವ ಹಾಗಿಲ್ಲ. ಅವರು ಅದರಲ್ಲಿ ಸ್ನೇಹಿತರಿಗೆ ಊಟ ಕೊಡಿಸಲಿ, ನಾನು ಬೇಕಾದರೆ ಡಬ್ಬಿಯಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕಿಂತ ದೊಡ್ಡ ಖರ್ಚು ಯಾವುದು, ಎಷ್ಟರಿಂದ ಮೇಲೆ ಇನ್ನೊಬ್ಬರಿಗೆ ಹೇಳಿ ಮಾಡಬೇಕು ಅನ್ನುವುದನ್ನೂ ಒಂದು ಸಂಖ್ಯೆಯಾಗಿ ಬರೆದಿಡಿ. ನಮ್ಮದು 3000 ರೂಪಾಯಿ.

ಒಂದೇ ಅಕೌಂಟಾ, ಬೇರೆ ಬೇರೆನಾ? 2023ರಲ್ಲಿ ಜೆನ್ನಿ ಓಲ್ಸನ್, ಸ್ಕಾಟ್ ರಿಕ್ ಮತ್ತಿತರರು 230 ಜೋಡಿಗಳ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಮದುವೆ ಗೊತ್ತಾದವರು, ಈಗಷ್ಟೇ ಆದವರು. ಚೀಟಿ ಎತ್ತಿದ ಹಾಗೆ ಕೆಲವರಿಗೆ ಜಂಟಿ ಖಾತೆ, ಕೆಲವರಿಗೆ ಬೇರೆ ಬೇರೆ, ಉಳಿದವರಿಗೆ ಅವರಿಷ್ಟ. ಎರಡು ವರ್ಷದಲ್ಲಿ ಬೇರೆ ಎರಡು ಗುಂಪಿನ ಜೋಡಿಗಳ ಸಂತೋಷ ಸ್ವಲ್ಪ ಸ್ವಲ್ಪ ಇಳಿಯುತ್ತಾ ಬಂತು, ಜಂಟಿ ಖಾತೆಯವರದು ಇಳಿಯಲಿಲ್ಲ. ಒಳ್ಳೆಯ ಪ್ರಯೋಗ. ಆದರೆ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಹಾಗೇ ಹೇಳಲು ನನಗೆ ಮನಸ್ಸಿಲ್ಲ. ಹೆಸರಿಗೆ ಜಂಟಿ, ಎಟಿಎಂ ಕಾರ್ಡು ಮಾತ್ರ ಒಬ್ಬರ ಜೇಬಿನಲ್ಲಿ, ಒಟಿಪಿ ಒಬ್ಬರ ಫೋನಿಗೆ ಅಂದರೆ ಅದು ಜಂಟಿ ಅಲ್ಲ. ಮನೆ ಖರ್ಚಿಗೆ ಒಂದು ಜಂಟಿ ಖಾತೆ ಇರಲಿ, ಹೆಂಡತಿಯ ಹೆಸರಿನ ಖಾತೆಯೂ ಇರಲಿ. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಅಪ್ಪನ ಸಂಬಳದ ಜೊತೆ ಸಿಗುತ್ತಿದ್ದ ಮಕ್ಕಳ ಭತ್ಯೆಯನ್ನು ನೇರ ಅಮ್ಮನ ಕೈಗೆ ಕೊಡಲು ಶುರು ಮಾಡಿದ ಮೇಲೆ, ಗಂಡಸರ ಬಟ್ಟೆಗೆ ಹೋಲಿಸಿದರೆ ಮಕ್ಕಳ, ಹೆಂಗಸರ ಬಟ್ಟೆಯ ಖರ್ಚು ಏರಿತ್ತು. ದುಡ್ಡು ಯಾರ ಕೈಗೆ ಬರುತ್ತದೆ ಅನ್ನುವುದರಿಂದ ಅಷ್ಟು ವ್ಯತ್ಯಾಸ ಆಗುತ್ತದೆ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2000 ರೂಪಾಯಿ ಬರುವ ಮನೆಗಳಲ್ಲೂ ಇದನ್ನು ಒಂದು ಸಲ ನೋಡಿ. ಖಾತೆ ಯಾರದು ಅನ್ನುವುದರ ಜೊತೆಗೆ, ಬ್ಯಾಂಕಿಗೆ ಹೋಗಿ ತೆಗೆಯುವವರು ಯಾರು?

ಊರಿಗೆ ಕಳಿಸುವ ದುಡ್ಡಿನ ಬಗ್ಗೆ ಈ ಯಾವ ಅಧ್ಯಯನವೂ ನಮಗೆ ಸಹಾಯ ಮಾಡುವುದಿಲ್ಲ. ಆದರೆ ನಮ್ಮಲ್ಲಿ ಅರ್ಧ ಜಗಳ ಅದೇ ಅಲ್ವಾ? ಅತ್ತೆಯ ಮಾತ್ರೆ, ತಮ್ಮನ ಫೀಸು, ತಂಗಿಯ ಬಾಣಂತನ, ನಾದಿನಿ ಮನೆಯ ಗೃಹಪ್ರವೇಶ. ನನ್ನ ಅನುಭವದಲ್ಲಿ ಮುಚ್ಚಿಟ್ಟು ಕಳಿಸಿದ 2000, ಹೇಳಿ ಕಳಿಸಿದ 10,000ಕ್ಕಿಂತ ಜಾಸ್ತಿ ನೋಯಿಸುತ್ತದೆ. ಆದ್ದರಿಂದ ಇದನ್ನು ಲೆಕ್ಕದ ಕೊನೆಯಲ್ಲಿ ಉಳಿದರೆ ನೋಡೋಣ ಅಂತ ಬಿಡದೆ, ಬಾಡಿಗೆ ಬರೆದ ಕೆಳಗೇ ಬರೆಯಿರಿ. ಎರಡೂ ಮನೆಗೆ. ಸಮ ಇರಲೇಬೇಕು ಅಂತಿಲ್ಲ, ಯಾರಿಗೆ ಕಷ್ಟ ಇದೆಯೋ ಅವರಿಗೆ ಜಾಸ್ತಿ ಹೋಗಲಿ, ಆದರೆ ಇಬ್ಬರಿಗೂ ಗೊತ್ತಿರಲಿ. ನನ್ನ ಅಮ್ಮನಿಗೆ ನಾನು ಕಳಿಸುವುದನ್ನು “ಸಹಾಯ” ಅನ್ನುವುದು, ಅವರ ಅಮ್ಮನಿಗೆ ಕಳಿಸುವುದನ್ನು “ಕರ್ತವ್ಯ” ಅನ್ನುವುದು ನಮ್ಮ ಮನೆಯಲ್ಲಿ ಈಗ ನಿಂತಿದೆ. ಅದಕ್ಕೆ ಮೂರು ವರ್ಷ ಹಿಡಿಯಿತು.

“ದುಡ್ಡೇ ಮುಖ್ಯನಾ ನಿನಗೆ?” ಅನ್ನುವ ಮಾತು ಬಿಟ್ಟುಬಿಡಿ. ದುಡ್ಡು ಮುಖ್ಯವೇ. 2010ರಲ್ಲಿ ಕಾಹ್ನೆಮನ್ ಮತ್ತು ಡೀಟನ್ ಅನ್ನುವ ಸಂಶೋಧಕರು ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ದಿನನಿತ್ಯದ ಖುಷಿ ಏರುವುದಿಲ್ಲ ಅಂದಿದ್ದರು. ಕಿಲಿಂಗ್ಸ್‌ವರ್ತ್ ಅನ್ನುವವರು ಇಲ್ಲ, ಏರುತ್ತದೆ ಅಂದರು. 2023ರಲ್ಲಿ ಕಾಹ್ನೆಮನ್ ಅವರ ಜೊತೆಗೇ ಕೂತು ಮತ್ತೆ ನೋಡಿದಾಗ, ಹೆಚ್ಚಿನವರಿಗೆ ಆದಾಯದ ಜೊತೆ ಖುಷಿಯೂ ಏರುತ್ತಲೇ ಹೋಗುತ್ತದೆ, ತೀರಾ ಬೇಸರದಲ್ಲಿರುವವರಿಗೆ ಮಾತ್ರ ಒಂದು ಮಟ್ಟದ ಮೇಲೆ ದುಡ್ಡು ಸಹಾಯ ಮಾಡುವುದಿಲ್ಲ ಅಂತ ಕಂಡಿತು. ಹಾಗಾಗಿ ಇಎಂಐ ಬಗ್ಗೆ ಚಿಂತೆ ಮಾಡುವವರನ್ನು ದುಡ್ಡಿನ ಆಸೆಯವರು ಅಂತ ಚುಚ್ಚಬೇಡಿ.

ಮಕ್ಕಳಿಂದ ಎಲ್ಲ ಮುಚ್ಚಿಡಲೂ ಬೇಡಿ. 1980ರ ದಶಕದಲ್ಲಿ ಅಮೆರಿಕದ ಅಯೋವದಲ್ಲಿ ರೈತರು ಸಾಲದಲ್ಲಿ ಮುಳುಗಿದ ಮೇಲೆ, ರ‍್ಯಾಂಡ್ ಕಾಂಗರ್ ಅಲ್ಲಿಯ 451 ಕುಟುಂಬಗಳನ್ನು ವರ್ಷಗಟ್ಟಲೆ ನೋಡಿದರು. ಅಪ್ಪ ಅಮ್ಮ ಕುಗ್ಗುವುದು, ಅವರಿಬ್ಬರ ನಡುವೆ ಬಿರುಕು, ಅದರಿಂದ ಮಕ್ಕಳ ಮೇಲೆ ರೇಗಾಟ, ಬಡತನ ಮಕ್ಕಳನ್ನು ತಟ್ಟುತ್ತಿದ್ದುದು ಹೆಚ್ಚಾಗಿ ಈ ದಾರಿಯಲ್ಲೇ. “ಈ ತಿಂಗಳು ಕಷ್ಟ ಇದೆ ಮಗಳೇ, ಮುಂದಿನ ತಿಂಗಳು ತಗೊಳ್ಳೋಣ” ಅನ್ನಿ. ನಮ್ಮ ಮಗಳಿಗೆ ಎಂಟು ವರ್ಷ, ಅವಳಿಗೆ ಅರ್ಥ ಆಗುತ್ತದೆ.

ಒಂದು ಎಚ್ಚರಿಕೆ. ದುಡ್ಡು ಕೇಳಿದರೆ ಹೊಡೆತ ಬೀಳುವ ಮನೆ, ಸಂಬಳ ಪೂರ್ತಿ ಕಿತ್ತುಕೊಳ್ಳುವ ಮನೆ, ಒಡವೆ ಕೇಳದೆ ಅಡ ಇಡುವ ಮನೆ, ಇಲ್ಲೆಲ್ಲ ಮೇಲಿನ ಮಾತು ಯಾವುದೂ ನಡೆಯುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಆರ್ಥಿಕ ದೌರ್ಜನ್ಯವೂ ಸೇರಿದೆ. ಮಹಿಳಾ ಸಹಾಯವಾಣಿ 181. ಅಂಥ ಕಡೆ ಮೆತ್ತಗೆ ಮಾತು ಶುರು ಮಾಡುವ ಹೊಣೆ ಹೆಂಗಸಿನದಲ್ಲ.

ಉಳಿದವರಿಗೆ ಕೊನೆಯದಾಗಿ ಒಂದು ಸಣ್ಣ ಕೆಲಸ. ಎಲೈ ಫಿಂಕೆಲ್ ಅವರ ತಂಡ 120 ದಂಪತಿಗಳನ್ನು ಎರಡು ವರ್ಷ ನೋಡಿತು. ಎರಡನೇ ವರ್ಷ ಅರ್ಧ ಜನಕ್ಕೆ ನಾಲ್ಕು ತಿಂಗಳಿಗೊಮ್ಮೆ ಏಳು ನಿಮಿಷ ಬರೆಯಲು ಹೇಳಿದರು. ಇತ್ತೀಚಿನ ಒಂದು ಜಗಳವನ್ನು, ಇಬ್ಬರ ಒಳ್ಳೆಯದನ್ನೂ ಬಯಸುವ ಮೂರನೆಯವರು ನೋಡಿದ್ದರೆ ಏನನ್ನುತ್ತಿದ್ದರು ಅಂತ. ವರ್ಷಕ್ಕೆ ಒಟ್ಟು 21 ನಿಮಿಷ. ಬರೆದವರಲ್ಲಿ ದಾಂಪತ್ಯದ ಸಂತೋಷ ಇಳಿಯುವುದು ನಿಂತಿತು, ಬರೆಯದವರಲ್ಲಿ ಇಳಿಯುತ್ತಲೇ ಹೋಯಿತು. ನಾವು ಯುಗಾದಿಗೆ, ಗಣೇಶನ ಹಬ್ಬಕ್ಕೆ, ಕ್ಯಾಲೆಂಡರ್ ಬದಲಿಸುವ ದಿನಕ್ಕೆ ಅಂತ ಇಟ್ಟುಕೊಂಡಿದ್ದೇವೆ. ನಾನು ಮೂರನೆಯವರಾಗಿ ತೀರಿಹೋದ ನಮ್ಮ ಸೋದರತ್ತೆಯನ್ನು ಕೂರಿಸಿಕೊಳ್ಳುತ್ತೇನೆ. ಹೋದ ಸಲ ಬರೆದಿದ್ದು ಹಳೇ ಫ್ರಿಜ್ ಬದಲಿಸುವ ಜಗಳದ ಬಗ್ಗೆ. ಅತ್ತೆ ನೋಡಿದ್ದರೆ ಮೊದಲು ಫ್ರಿಜ್ಜಿನ ಬಾಗಿಲು ತೆಗೆದು ನೋಡಿ, “ಪಾಪ, ಅವನು ನಿನ್ನ ಕೈಗೆ ಆರಾಮಾಗಲಿ ಅಂತ ಹೇಳ್ತಿದಾನೆ ಕಣೇ, ನೀನು ಅಷ್ಟು ದುಡ್ಡು ಒಂದೇ ಸಲ ಹೋಗುತ್ತಲ್ಲ ಅಂತ ಹೆದರ್ತಿದೀಯ, ಎರಡು ತಿಂಗಳು ಕಾದು ತಗೊಳ್ಳಿ” ಅನ್ನುತ್ತಿದ್ದರು ಅಂತ ಬರೆದೆ. ಇವರಿಗೂ ತೋರಿಸಿದೆ. ಎರಡು ತಿಂಗಳು ಕಾದು ತಗೊಂಡೆವು.