ಕುಂಬಳೆಯಿಂದ ಬದಿಯಡ್ಕಕ್ಕೆ: ಏರಿಳಿತದ ಗೆರೆ ಕೊನೆಗೂ ಕೂಡಿಬಂದ ಬಗೆ

ಸೈಕಲ್ಲಿನ ಹಿಡಿಗೆ ಜಿಪಿಎಸ್ ಕಟ್ಟಿಕೊಂಡು ದಾರಿಯ ಏರಿಳಿತದ ಗೆರೆ ತೆಗೆಯುತ್ತೇನೆಂದು ನಾನು ಹೊರಟಾಗ ನಮ್ಮ ಭಾನುವಾರದ ಬಳಗದಲ್ಲಿ ಒಬ್ಬರೂ ನಂಬಲಿಲ್ಲ. ಜೇಬಿನ ಮೊಬೈಲೇ ಎಲ್ಲವನ್ನೂ ತೋರಿಸುವಾಗ ಯಾರೋ ಬಳಸಿ ಬಿಟ್ಟ ಯಂತ್ರಕ್ಕೆ ಒಂಬತ್ತೂವರೆ ಸಾವಿರ ಸುರಿದದ್ದು ಮರುಳು ಎಂಬುದೇ ಎಲ್ಲರ ತೀರ್ಮಾನವಾಗಿತ್ತು. ಈಗ ನಮ್ಮ ಕಾಸರಗೋಡಿನ ಕುಂಬಳೆ–ಬದಿಯಡ್ಕ ದಾರಿಯ ನಾಲ್ಕು ಸವಾರಿಗಳ ಗೆರೆಗಳನ್ನು ಒಂದರ ಮೇಲೊಂದು ಇಟ್ಟರೆ ಎಲ್ಲಿಯೂ ಮೂರು ನಾಲ್ಕು ಮೀಟರಿಗಿಂತ ಹೆಚ್ಚಿನ ಅಂತರ ಕಾಣುವುದಿಲ್ಲ. ಆದ್ದರಿಂದ ಬರೆಯುವ ಧೈರ್ಯ ಬಂದಿದೆ.

ಮೊಬೈಲಿಗೂ ಅವಕಾಶ ಕೊಡದೆ ಇರಲಿಲ್ಲ. ಕುಂಬಳೆಯ ಕಡಲ ಬದಿಯಲ್ಲಿ ನಿಂತು ತೆಗೆದ ಜಿಪಿಎಕ್ಸ್ ಕಡತವನ್ನು, ಎಂದರೆ ಜಾಗ ಮತ್ತು ಎತ್ತರದ ದಾಖಲೆಯನ್ನು, ಬಿಚ್ಚಿದರೆ ಎತ್ತರ ಮೈನಸ್ 90ರ ಆಸುಪಾಸಿನಲ್ಲಿತ್ತು. ಉಪಗ್ರಹದ ಲೆಕ್ಕಕ್ಕೆ ಆಧಾರವಾದ ದೀರ್ಘಗೋಳಕ್ಕಿಂತ (ಭೂಮಿಯ ಆಕಾರಕ್ಕೆಂದು ಕಲ್ಪಿಸಿದ ನುಣುಪಾದ ಗೋಳ) ನಮ್ಮ ದಕ್ಷಿಣ ಭಾರತದ ಸಮುದ್ರ ಮಟ್ಟ ಅಷ್ಟು ಕೆಳಗಿದೆ; ಕೈಯಲ್ಲಿ ಹಿಡಿಯುವ ಜಿಪಿಎಸ್ ಅದನ್ನು ತಾನೇ ಸರಿಪಡಿಸುತ್ತದೆ, ನಾನು ಬಳಸಿದ ಆ್ಯಪ್ ಸರಿಪಡಿಸಿರಲಿಲ್ಲ. ಅದನ್ನು ಕೂಡಿಸಿಕೊಂಡರೂ ಅಡಿಕೆ ತೋಟಗಳ ನಡುವೆ ಗೆರೆ ಗರಗಸದ ಹಲ್ಲಿನಂತಾಗುತ್ತಿತ್ತು, ಮತ್ತು ಆ ಹಲ್ಲುಗಳನ್ನೆಲ್ಲ ಕೂಡಿಸಿದ ಆ್ಯಪ್ ನಾನು ಹತ್ತದ ಗುಡ್ಡೆಗಳನ್ನೂ ನನ್ನ ಲೆಕ್ಕಕ್ಕೆ ಬರೆದು, ಒಟ್ಟು ಏರನ್ನು ಎರಡರಷ್ಟಕ್ಕೂ ಮಿಗಿಲಾಗಿ ತೋರಿಸುತ್ತಿತ್ತು. ಎಸ್‌ಆರ್‌ಟಿಎಂ ಎಂಬ ನೆಲದ ಎತ್ತರಗಳ ದತ್ತಾಂಶದಿಂದ ಎತ್ತರ ತುಂಬಿಸಿಯೂ ನೋಡಿದೆ. 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಕಂಡದ್ದು ಬಹಳ ಕಡೆ ಮರಗಳ ತಲೆಯನ್ನೇ ಹೊರತು ರಸ್ತೆಯನ್ನಲ್ಲ; ತೆಕ್ಕಿಲ್ ಸೇತುವೆಯ ಮೇಲೆ ಹೋದವನನ್ನು ಅದು ಚಂದ್ರಗಿರಿ ಹೊಳೆಗೇ ಇಳಿಸಿ ಮೇಲೆತ್ತಿತು.

ಹೀಗಾಗಿ ಗಾಳಿಯ ಒತ್ತಡದಿಂದ ಎತ್ತರ ತಿಳಿಯುವ ಬ್ಯಾರೊಮೀಟರ್ ಇರುವ ಯಂತ್ರವೇ ಬೇಕಾಯಿತು. ಯಂತ್ರದ ಬೆಲೆಯಲ್ಲದೆ, ಚಾರ್ಜ್ ಮಾಡಬಹುದಾದ ನಾಲ್ಕು ಪೆನ್ಸಿಲ್ ಸೆಲ್ ಮತ್ತು ಚಾರ್ಜರಿಗೆ ಸಾವಿರದ ನಾನೂರರಷ್ಟು, ಹಿಡಿಗೆ ಕಟ್ಟುವ ಕ್ಲ್ಯಾಂಪಿಗೆ ಆರುನೂರು ಹೋಯಿತು. ಆ ಕ್ಲ್ಯಾಂಪ್ ಎರಡನೆಯ ವಾರವೇ ತುಂಡಾಯಿತು. ಈಗ ಹಳೆಯ ಟ್ಯೂಬನ್ನು ಪಟ್ಟಿ ಕತ್ತರಿಸಿ ಬಿಗಿದಿದ್ದೇನೆ, ಖರ್ಚು ಸೊನ್ನೆ. ಹೊಂಡಕ್ಕೆ ಬಿದ್ದಾಗ ಸೆಲ್ ಅಲುಗಿ ಯಂತ್ರ ಆರಿಹೋಗುತ್ತಿದ್ದುದಕ್ಕೆ ಸೆಲ್‌ಗಳ ನಡುವೆ ಮಡಚಿಟ್ಟ ಬಸ್ ಟಿಕೆಟೇ ಮದ್ದು.

ಆದರೆ ಮೊದಲ ಫಲಿತಾಂಶ ನನ್ನ ಮಾನ ಕಳೆಯಿತು. ಬೆಳಿಗ್ಗೆ ಒಂಬತ್ತೂವರೆಗೆ ಹೊರಟು ಸಂಜೆ ನಾಲ್ಕಕ್ಕೆ ಮನೆಗೆ ಬಂದಾಗ ನನ್ನ ಮನೆಯಂಗಳ 24 ಮೀಟರ್ ಮೇಲಕ್ಕೆ ಹೋಗಿತ್ತು. ಮುಂದಿನ ವಾರ ಐದೂವರೆಗೆ ಹೊರಟು ಹತ್ತರೊಳಗೆ ಮರಳಿದೆ. ಅಂಗಳ ಹದಿನೈದೋ ಹದಿನಾರೋ ಮೀಟರ್ ಕುಸಿದಿತ್ತು. "ಭಾವ, ನಿಮ್ಮ ಗುಡ್ಡೆ ಬೆಳಿಗ್ಗೆ ಮಲಗಿ ಸಂಜೆ ಏಳುತ್ತದೆಯೋ?" ಎಂದು ನನ್ನ ಭಾವ ಎಲ್ಲರೆದುರು ಕೇಳಿದರು. ನಗೆಯ ಮಾತಾದರೂ ದಾರಿ ತೋರಿದ್ದು ಅದೇ. ನಮ್ಮ ಸೀಮೆಯಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಬಾರಿ, ಕಡಲಿನ ಉಬ್ಬರವಿಳಿತದಂತೆಯೇ, ಏರಿ ಇಳಿಯುತ್ತದೆ: ಬೆಳಿಗ್ಗೆ ಹತ್ತರ ಹೊತ್ತಿಗೆ ಹೆಚ್ಚು, ಸಂಜೆ ನಾಲ್ಕಕ್ಕೆ ಕಡಿಮೆ. ಒತ್ತಡ ಅದರ ಅಳತೆಯಾದ ಹೆಕ್ಟೊಪಾಸ್ಕಲ್‌ನಲ್ಲಿ ಒಂದು ಇಳಿದರೆ ಯಂತ್ರ ತಾನು ಎಂಟು ಮೀಟರಿಗೂ ತುಸು ಹೆಚ್ಚು ಹತ್ತಿದೆನೆಂದು ತಿಳಿಯುತ್ತದೆ. ಮೂರು ಇಳಿದರೆ 25 ಮೀಟರ್ ಆಯಿತಲ್ಲ.

ಆ ಬಳಿಕ ಯಂತ್ರ ಎತ್ತರವನ್ನು ತಾನೇ ತಿದ್ದಿಕೊಳ್ಳುವ ಸ್ವಯಂ ಹೊಂದಾಣಿಕೆಯನ್ನು ನಿಲ್ಲಿಸಿಬಿಟ್ಟು, ಹೊರಡುವಾಗಲೂ ಮರಳಿದಾಗಲೂ ಕುಂಬಳೆ ರೈಲು ನಿಲ್ದಾಣದ ಹಳದಿ ಫಲಕದ ಬುಡದಲ್ಲಿ ಎರಡು ನಿಮಿಷ ನಿಲ್ಲತೊಡಗಿದೆ. ಸಮುದ್ರ ಮಟ್ಟದಿಂದ ಎಷ್ಟು ಎತ್ತರವೆಂದು ಫಲಕದಲ್ಲಿ ಬರೆದಿರುವಾಗ ಬೇರೆ ಆಧಾರ ಏಕೆ? ಎರಡು ಓದುಗಳ ನಡುವೆ ಬಂದ ವ್ಯತ್ಯಾಸವನ್ನು ಮೊದಮೊದಲು ಸಾಗಿದ ದೂರಕ್ಕೆ ತಕ್ಕಂತೆ ಹಂಚಿದೆ. ಅಲ್ಲಿಯೇ ಎರಡು ತಿಂಗಳು ಹಾಳಾದದ್ದು. ಸೀತಾಂಗೋಳಿಯಲ್ಲಿ ಚಹಾ ಕುಡಿಯುತ್ತ ಒಂದು ಗಂಟೆ ಕುಳಿತರೆ ದೂರ ಒಂದು ಮಾರೂ ಹೆಚ್ಚುವುದಿಲ್ಲ, ಒತ್ತಡ ಮಾತ್ರ ತನ್ನ ಪಾಡಿಗೆ ಬದಲಾಗುತ್ತಲೇ ಇರುತ್ತದೆ. ವ್ಯತ್ಯಾಸವನ್ನು ಗಡಿಯಾರಕ್ಕೆ, ಎಂದರೆ ಕಳೆದ ಹೊತ್ತಿಗೆ ತಕ್ಕಂತೆ, ಹಂಚಬೇಕು. ಸೈಕಲ್ ನಿಂತಿರುವಾಗ ಎತ್ತರದ ಅಂಕಿ ಎಷ್ಟು ಸರಿಯಿತೆಂಬುದೇ ಆ ಹೊತ್ತಿನ ಒತ್ತಡದ ಸಾಕ್ಷಿ. ಅದನ್ನು ಲೆಕ್ಕಕ್ಕೆ ಹೇಗೆ ಸೇರಿಸುತ್ತೇನೆಂಬುದು ಸದ್ಯ ನನ್ನ ಬಳಿಯೇ ಇರಲಿ.

ಮಳೆಗಾಲದ ಸೋಲನ್ನೂ ಹೇಳಿಬಿಡುತ್ತೇನೆ. ಬ್ಯಾರೊಮೀಟರಿನ ಸೂಜಿಮೊನೆಯಷ್ಟು ಚಿಕ್ಕ ರಂಧ್ರದಲ್ಲಿ ನೀರು ನಿಂತು, ಮುಳ್ಳೇರಿಯದಿಂದಾಚೆ ಒಂದು ಗಂಟೆಯ ಸವಾರಿ ತಟ್ಟೆಯಂತೆ ಸಪಾಟಾಗಿ ದಾಖಲಾಗಿತ್ತು. ಈಗ ಯಂತ್ರವನ್ನು ಸಡಿಲವಾದ ಪ್ಲಾಸ್ಟಿಕ್ ಚೀಲದಲ್ಲಿ ಹಾಕುತ್ತೇನೆ. ಒತ್ತಡ ಚೀಲವನ್ನು ದಾಟಿ ಬರುತ್ತದೆ, ನೀರು ಬರುವುದಿಲ್ಲ.

ನಂಬದವರ ಬಾಯಿ ಮುಚ್ಚಿಸಲೆಂದೇ ಇನ್ನೊಂದು ಪರೀಕ್ಷೆ ಮಾಡಿದೆ. ಕಟ್ಟಡ ಕೆಲಸದವರು ಮಟ್ಟ ನೋಡುವ ನೀರಿನ ಪೈಪನ್ನು ತಂದು, ರಸ್ತೆಯಿಂದ ನಮ್ಮ ಅಂಗಳದವರೆಗಿನ ಏರನ್ನು ಹೆಜ್ಜೆ ಹೆಜ್ಜೆಗೆ ಅಳೆದಾಗ ಹನ್ನೊಂದೂವರೆ ಮೀಟರ್ ಬಂತು. ಯಂತ್ರ ಹನ್ನೆರಡು ಎಂದಿತು. ಹುರುಪಿನಲ್ಲಿ ಅದನ್ನು ತೋಟದ ಮೇಲೆ ನೀರಿಗೆಂದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದೊಳಕ್ಕೂ ಒಯ್ದೆ. ನಾಲ್ಕು ಹೆಜ್ಜೆಗೆ ಉಪಗ್ರಹಗಳೆಲ್ಲ ಮಾಯವಾದರೂ ಬ್ಯಾರೊಮೀಟರ್ ಓದುತ್ತಲೇ ಇತ್ತು. ನೀರು ಹೊರಗೆ ಹರಿಯಲೆಂದು ಹಿರಿಯರು ಸುರಂಗಕ್ಕೆ ಕೊಟ್ಟ ಇಳಿಜಾರು ಮಾತ್ರ ಅದಕ್ಕೆ ತಿಳಿಯಲಿಲ್ಲ. ಮುರಕಲ್ಲು ಕೊರೆದವರ ಕಣ್ಣಳತೆ ನನ್ನ ಯಂತ್ರಕ್ಕಿಂತ ಸೂಕ್ಷ್ಮವಾಗಿತ್ತು.

ಹಂಚುವಾಗ ಚಿತ್ರವನ್ನು ವಾಟ್ಸ್ಆ್ಯಪಿನಲ್ಲಿ ಫೋಟೋ ಆಗಿ ಕಳಿಸಬಾರದು, ಅಂಕಿಗಳು ಮಸುಕಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ, ತಿದ್ದದ ಮೂಲ ಜಿಪಿಎಕ್ಸನ್ನೂ ಜೊತೆಗಿಡುತ್ತೇನೆ. ಎತ್ತರದ ಅಳತೆಯನ್ನು ದೂರದ್ದಕ್ಕಿಂತ ಸುಮಾರು ನಲವತ್ತು ಪಟ್ಟು ಹಿಗ್ಗಿಸದಿದ್ದರೆ ನಮ್ಮ ಪದವು (ಗುಡ್ಡದ ಮೇಲಿನ ಸಪಾಟು ನೆಲ) ಬೈಲು (ತಗ್ಗಿನ ಗದ್ದೆ ನೆಲ) ಎಲ್ಲ ಒಂದೇ ಗೆರೆಯಾಗಿ ಮಲಗಿಬಿಡುತ್ತವೆ. ಒಂದು ಪ್ರತಿಯನ್ನು ಬದಿಯಡ್ಕದ ಸೈಕಲ್ ಅಂಗಡಿಯ ಗೋಡೆಗೆ ಅಂಟಿಸಿದ್ದೆ. ಅಂಗಡಿಯವರು ಅದನ್ನು ಒಂದು ನಿಮಿಷ ನೋಡಿ, ನೀರ್ಚಾಲು ದಾಟಿದ ಮೇಲಿನ ಸಣ್ಣ ಏರು ಎಲ್ಲಿ ಹೋಯಿತೆಂದು ಕೇಳಿದರು. ಐದು ಮೀಟರಿಗಿಂತ ಕಡಿಮೆಯ ಏರಿಳಿತವನ್ನು ಬಿಟ್ಟುಬಿಡುವಂತೆ ನಾನೇ ಇಟ್ಟ ಜರಡಿ ಅದನ್ನು ನುಂಗಿತ್ತು. ಜರಡಿಯನ್ನು ಮೂರಕ್ಕೆ ಇಳಿಸಿ ಮತ್ತೆ ಮುದ್ರಿಸಿ ತಂದಾಗ ಅವರು ಹಳೆಯದನ್ನು ಕಿತ್ತು, ಹೊಸದನ್ನು ತಾವೇ ಅಂಟಿಸಿದರು.